ಲಂಡನ್ನಿನ ವಿದ್ಯಾರ್ಥಿ

1888ನೆಯ ಇಸವಿ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಹತ್ತೊಂಬತ್ತು ವರ್ಷ ಇನ್ನೂ ತುಂಬದ ಯುವಕನೊಬ್ಬನಿದ್ದನು. ಅವನೇ ಮೋಹನದಾಸ ಕರಮಚಂದ ಗಾಂಧಿ. ಕಾಠಿಯಾವಾಡದ ಪೋರಬಂದರಿನಲ್ಲಿ ಹುಟ್ಟಿ ರಾಜಕೋಟೆಯಲ್ಲಿ ಓದಿದ್ದ ಅವನು ಭಾವನಗರದ ಕಾಲೇಜಿನಲ್ಲಿ ಪಾಠ ಅರ್ಥವಾಗದೆ ಒಂದೇ ಅವಧಿಯ ಬಳಿಕ ಮನೆಗೆ ಮರಳಿದ್ದನು. ಹೊಸಬರ ಮುಂದೆ ಬಾಯಿಬಿಡಲೂ ನಾಚುವ ಸ್ವಭಾವ. ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟುವುದಿಲ್ಲವೆಂದು ತಾಯಿ ಪುತಲೀಬಾಯಿಗೆ ಕೊಟ್ಟ ವಚನವೂ ಅಣ್ಣ ಒದಗಿಸಿದ ಹಣವೂ ಅವನ ಆಧಾರವಾಗಿದ್ದುವು.

ಶಾಲೆಯಲ್ಲಿ ಅವನು ಸಾಧಾರಣ ವಿದ್ಯಾರ್ಥಿ. ಮುಖ್ಯೋಪಾಧ್ಯಾಯರಾಗಿದ್ದ ದೊರಾಬ್ಜಿ ಎದುಲ್ಜಿ ಗಿಮಿಯವರು ಮೇಲಿನ ತರಗತಿಗಳಿಗೆ ವ್ಯಾಯಾಮವನ್ನೂ ಕ್ರಿಕೆಟ್ಟನ್ನೂ ಕಡ್ಡಾಯ ಮಾಡಿದ್ದರು. ಮೋಹನದಾಸನಿಗೆ ಎರಡೂ ಬೇಡವಾಗಿದ್ದುವು. ಶಾಲೆ ಬಿಟ್ಟೊಡನೆ ಕಾಯಿಲೆಯ ತಂದೆಯ ಶುಶ್ರೂಷೆಗೆ ಓಡುವುದೇ ಅವನ ಆಸೆ. ಒಂದು ಶನಿವಾರ ಬೆಳಗಿನ ಪಾಠ ಮುಗಿಸಿ ಮನೆಗೆ ಹೋದವನು ಸಂಜೆ ನಾಲ್ಕಕ್ಕೆ ವ್ಯಾಯಾಮಕ್ಕೆ ಮರಳಬೇಕಾಗಿತ್ತು. ಅವನಲ್ಲಿ ಗಡಿಯಾರವಿರಲಿಲ್ಲ. ಆಕಾಶದಲ್ಲಿ ಮೋಡ ಕವಿದಿದ್ದುದರಿಂದ ಹೊತ್ತು ತಿಳಿಯದೆ ತಡವಾಗಿ ಹೋದನು. ಅಷ್ಟರಲ್ಲಿ ಎಲ್ಲರೂ ಹೊರಟುಹೋಗಿದ್ದರು. ಮರುದಿನ ನಡೆದುದನ್ನು ನಡೆದಂತೆಯೇ ಹೇಳಿದರೂ ಗುರುಗಳು ನಂಬದೆ ದಂಡ ವಿಧಿಸಿದರು. ಒಂದೋ ಎರಡೋ ಆಣೆಯ ದಂಡ ಅವನಿಗೆ ದೊಡ್ಡದಾಗಿರಲಿಲ್ಲ. ಸುಳ್ಳುಗಾರನೆನಿಸಿಕೊಂಡುದು ಸಹಿಸಲಾಗದೆ ಅತ್ತನು. ಸತ್ಯವಂತನಾಗಬೇಕೆನ್ನುವವನು ಎಚ್ಚರಗಾರನೂ ಆಗಿರಬೇಕೆಂಬುದು ಅಂದು ಅವನಿಗೆ ಮನವರಿಕೆಯಾಯಿತು. ದಂಡ ಮುಂದೆ ಮಾಫಿಯಾಯಿತು.

ಲಂಡನ್ನಿಗೆ ಬಂದ ಮೇಲೆ ಈ ಎಚ್ಚರ ಕೆಲಕಾಲ ತಪ್ಪಿತು. ಸಸ್ಯಾಹಾರದ ಹಟದಿಂದ ನಾಲ್ವರ ನಡುವೆ ಒರಟನಂತೆ ಕಾಣುತ್ತೇನೆಂಬ ಸಂಕೋಚದಿಂದ, ಉಳಿದೆಲ್ಲದರಲ್ಲಿ ಸಭ್ಯ ಆಂಗ್ಲನಾಗಬೇಕೆಂದು ಅವನು ನಿಶ್ಚಯಿಸಿದನು. ಹತ್ತೊಂಬತ್ತು ಷಿಲಿಂಗು ಕೊಟ್ಟು ಎತ್ತರದ ಹ್ಯಾಟು ಕೊಂಡನು. ಬಾಂಡ್ ಬೀದಿಯಲ್ಲಿ ಹತ್ತು ಪೌಂಡಿನ ಸಂಜೆಯ ಉಡುಪು ಹೊಲಿಸಿದನು. ಎರಡೆಳೆಯ ಚಿನ್ನದ ಗಡಿಯಾರಸರ ಕಳುಹಿಸುವಂತೆ ಅಣ್ಣನಿಗೆ ಬರೆದನು. ಕೂದಲನ್ನೂ ಟೈಯನ್ನೂ ತಿದ್ದಿಕೊಳ್ಳುತ್ತ ದಿನವೂ ಹತ್ತು ನಿಮಿಷ ನಿಲುವುಗನ್ನಡಿಯ ಮುಂದೆ ಕಳೆಯುತ್ತಿದ್ದನು. ನರ್ತನದ ತರಗತಿಗೆ ಸೇರಿದನಾದರೂ ತಾಳಕ್ಕೆ ಕಾಲು ಹೊಂದಲಿಲ್ಲ. ಕಿವಿಗೆ ಸಂಗೀತದ ಸಂಸ್ಕಾರ ಬರಲೆಂದು ಮೂರು ಪೌಂಡು ತೆತ್ತು ಪಿಟೀಲು ಕೊಂಡನು. ಭಾಷಣಕಲೆಗೆ ಇನ್ನೊಬ್ಬ ಗುರು! ಕಲಿಯಲು ಬಂದ ಕಾನೂನು ಒಂದಾದರೆ ಕಲಿಯುತ್ತಿದ್ದುದು ಬೇರೊಂದು.

ಈ ಮೋಹ ಸುಮಾರು ಮೂರು ತಿಂಗಳು ಇದ್ದಿತು. ತಾನು ಇಂಗ್ಲೆಂಡಿನಲ್ಲಿ ಬಾಳೆಲ್ಲ ಕಳೆಯಲು ಬಂದವನಲ್ಲ, ವಿದ್ಯಾರ್ಥಿ ಎಂಬ ಅರಿವು ಮೂಡಿದೊಡನೆ ಅವನು ಭಾಷಣಕಲೆಯ ಗುರುವಿಗೆ ಪತ್ರ ಬರೆದು ಬಿಡುವು ಪಡೆದನು. ಪಿಟೀಲು ಕಲಿಸುತ್ತಿದ್ದಾಕೆಯ ಬಳಿಗೆ ತಾನೇ ಹೋಗಿ, ಬಂದ ಬೆಲೆಗೆ ಅದನ್ನು ಮಾರಿಬಿಡುವಂತೆ ಕೇಳಿಕೊಂಡನು. ಆಕೆ ನಗಲಿಲ್ಲ, ಅವನ ನಿಶ್ಚಯಕ್ಕೆ ಉತ್ತೇಜನವನ್ನೇ ನೀಡಿದಳು.

ಆ ಹುಚ್ಚಿನ ದಿನಗಳಲ್ಲೂ ಅವನು ಬಿಡದಿದ್ದ ಅಭ್ಯಾಸವೊಂದಿತ್ತು. ಬಸ್ಸಿನ ದರ, ಅಂಚೆಯ ಖರ್ಚು, ಪತ್ರಿಕೆಗೆ ಕೊಟ್ಟ ಪುಡಿಗಾಸು, ಹೀಗೆ ಕೈಬಿಟ್ಟ ಪ್ರತಿಯೊಂದು ಕಾಸನ್ನೂ ಬರೆದಿಟ್ಟು, ರಾತ್ರಿ ಮಲಗುವ ಮುನ್ನ ಲೆಕ್ಕ ಸರಿಹೊಂದಿಸುತ್ತಿದ್ದನು. ಅಣ್ಣನ ಹಣ ಎಲ್ಲಿ ಕರಗುತ್ತಿದೆಯೆಂಬುದನ್ನು ತೋರಿಸಿಕೊಟ್ಟುದು ಆ ಲೆಕ್ಕದ ಪುಸ್ತಕವೇ. ವೆಚ್ಚವನ್ನು ಅರ್ಧಕ್ಕೆ ಇಳಿಸಲು ಸಂಕಲ್ಪಿಸಿದ ಮೋಹನದಾಸನು ಕುಟುಂಬವೊಂದರ ಜೊತೆಗಿನ ವಾಸ ಬಿಟ್ಟು ಬೇರೆ ಕೊಠಡಿಗಳನ್ನು ಬಾಡಿಗೆಗೆ ಹಿಡಿದನು. ಕೆಲಸದ ಸ್ಥಳಕ್ಕೆ ಅರ್ಧ ಗಂಟೆಯ ನಡಿಗೆಯಾಗುವಂತೆ ಮನೆಯನ್ನು ಆರಿಸಿಕೊಂಡುದರಿಂದ ಗಾಡಿಯ ಖರ್ಚು ಉಳಿಯಿತು. ದಿನಕ್ಕೆ ಎಂಟು ಹತ್ತು ಮೈಲಿ ನಡೆದಂತೆಯೂ ಆಯಿತು. ಇಂಗ್ಲೆಂಡಿನ ಚಳಿಯಲ್ಲಿ ಆತನ ದೇಹ ಗಟ್ಟಿಯಾಗಿ ಉಳಿದುದಕ್ಕೆ ಈ ನಡಿಗೆಯೇ ಮುಖ್ಯ ಕಾರಣ.

ಇಷ್ಟರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಲ್ಯಾಟಿನ್ ಭಾಷೆ ಅವನನ್ನು ಕೈಬಿಟ್ಟಿತು. ಅನುತ್ತೀರ್ಣನಾದ ಅವನು ಧೈರ್ಯಗೆಡಲಿಲ್ಲ. ಎರಡು ಕೊಠಡಿಗಳ ಬದಲು ಒಂದರಲ್ಲೇ ಇದ್ದು, ಒಲೆಯೊಂದನ್ನು ಕೊಂಡು, ಬೆಳಗ್ಗೆ ಓಟ್ಸ್ ಗಂಜಿಯನ್ನೂ ಕೋಕೋವನ್ನೂ ತಾನೇ ಕಾಯಿಸಿಕೊಳ್ಳತೊಡಗಿದನು. ಮಧ್ಯಾಹ್ನದ ಊಟ ಹೊರಗೆ. ರಾತ್ರಿ ಬ್ರೆಡ್ಡು, ಕೋಕೋ. ದಿನದ ಆಹಾರಕ್ಕೆ ಒಂದು ಷಿಲಿಂಗು ಮೂರು ಪೆನ್ಸ್ ಸಾಕಾಯಿತು. ಓದಿಗೆ ಹೊತ್ತು ಹೆಚ್ಚಾಗಿ ದೊರೆಯಿತು. ಎರಡನೆಯ ಬಾರಿ ಪರೀಕ್ಷೆಯಲ್ಲಿ ಉತ್ತೀರ್ಣನಾದನು. ಬ್ಯಾರಿಸ್ಟರ್ ಪರೀಕ್ಷೆಗೆ ಅನೇಕರು ಟಿಪ್ಪಣಿಗಳನ್ನಷ್ಟೇ ಓದಿ ಗೆಲ್ಲುತ್ತಿದ್ದ ಕಾಲದಲ್ಲಿ, ಮೂಲಗ್ರಂಥಗಳನ್ನು ಓದದಿರುವುದು ವಂಚನೆಯೆಂದು ಬಗೆದು, ರೋಮನ್ ನ್ಯಾಯಶಾಸ್ತ್ರವನ್ನು ತನ್ನನ್ನು ಸೋಲಿಸಿದ್ದ ಲ್ಯಾಟಿನ್ನಿನಲ್ಲಿಯೇ ಓದಿದನು. 1891ರ ಜೂನ್ 10ರಂದು ಬ್ಯಾರಿಸ್ಟರ್ ಪದವಿ ದೊರೆಯಿತು. 12ರಂದು ಸ್ವದೇಶಕ್ಕೆ ಹೊರಟನು.

ದಕ್ಷಿಣ ಆಫ್ರಿಕದಲ್ಲಿ ವಕೀಲರಾಗಿದ್ದಾಗ ಆ ಲ್ಯಾಟಿನ್ ಗಾಂಧೀಜಿಯವರ ನೆರವಿಗೆ ಬಂದಿತು. ಅಲ್ಲಿನ ಕಾನೂನಿಗೆ ರೋಮನ್ ನ್ಯಾಯವೇ ತಳಹದಿ. ಲೆಕ್ಕ ಬರೆಯುವ ರೂಢಿ ಸಾರ್ವಜನಿಕ ನಿಧಿಗಳ ನಿರ್ವಹಣೆಯಲ್ಲಿಯೂ ಮುಂದುವರಿಯಿತು. ಭಗವದ್ಗೀತೆಯನ್ನು ಕಂಠಪಾಠ ಮಾಡಬೇಕೆಂದೆನಿಸಿದಾಗ ಅದಕ್ಕೆಂದು ಬೇರೆ ಹೊತ್ತಿರಲಿಲ್ಲ. ಹಲ್ಲುಜ್ಜಲು ಹದಿನೈದು ನಿಮಿಷ, ಸ್ನಾನಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿದ್ದುವು. ನಿಂತು ಹಲ್ಲುಜ್ಜುವ ಕಡೆ ಎದುರಿನ ಗೋಡೆಗೆ ಶ್ಲೋಕಗಳ ಚೀಟಿಗಳನ್ನು ಅಂಟಿಸಿಕೊಂಡು ದಿನದಿನವೂ ಸ್ವಲ್ಪಸ್ವಲ್ಪವಾಗಿ ಹದಿಮೂರು ಅಧ್ಯಾಯಗಳನ್ನು ಬಾಯಿಪಾಠ ಮಾಡಿದರು.

ಆದರೆ ಬಾಲ್ಯದ ಒಂದು ಅಲಕ್ಷ್ಯ ಅವರನ್ನು ಕೊನೆಯವರೆಗೂ ಕಾಡಿತು. ಅಕ್ಷರ ದುಂಡಾಗಿರುವುದು ವಿದ್ಯೆಯ ಅಂಗವಲ್ಲವೆಂದು ಹುಡುಗತನದಲ್ಲಿ ಎಣಿಸಿದ್ದರು. ದಕ್ಷಿಣ ಆಫ್ರಿಕದ ವಕೀಲರ ಮುದ್ದಾದ ಬರವಣಿಗೆಯನ್ನು ಕಂಡು ನಾಚಿ ತಿದ್ದಿಕೊಳ್ಳಲು ಯತ್ನಿಸಿದರೂ ಕಾಲ ಮೀರಿತ್ತು. 1909ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವ ಹಡಗಿನಲ್ಲಿ ಅವರು ಹತ್ತು ದಿನಗಳಲ್ಲಿ ಗುಜರಾತಿಯಲ್ಲಿ ‘ಹಿಂದ್ ಸ್ವರಾಜ್’ ಬರೆದು ಮುಗಿಸಿದರು. ಬಲಗೈ ಸೋತಾಗ ಲೇಖನಿಯನ್ನು ಎಡಗೈಗೆ ತೆಗೆದುಕೊಳ್ಳುತ್ತಿದ್ದರು. ಆ ಹಸ್ತಪ್ರತಿಯ 275 ಪುಟಗಳಲ್ಲಿ ಸುಮಾರು 40 ಪುಟಗಳು ಎಡಗೈಯಲ್ಲಿ ಬರೆದವು.