ತಳುಕಿನ ವೆಂಕಣ್ಣಯ್ಯ ಮೇಷ್ಟ್ರು

ಗುಡಿಬಂಡೆ, ಮಡಕಶಿರಾ, ರಾಯದುರ್ಗದ ಕಡೆಯ ನಮ್ಮ ಭಕ್ತರು ಕಡಲೆಕಾಯಿ ವ್ಯಾಪಾರಕ್ಕೆಂದೋ ಹೆಣ್ಣು ಗಂಡು ನೋಡುವುದಕ್ಕೆಂದೋ ಚಳ್ಳಕೆರೆಗೆ ಹೋಗಿ ಬರುವುದುಂಟು. ಚಳ್ಳಕೆರೆಯಿಂದ ಬಳ್ಳಾರಿಯ ದಾರಿ ಹಿಡಿದರೆ ತಳುಕು ಎಂಬ ಊರು ಸಿಗುತ್ತದೆ. ಬಸ್ಸು ಒಂದು ಗಳಿಗೆ ನಿಂತು ಮುಂದೆ ಹೋಗುತ್ತದೆ. ಕನ್ನಡವನ್ನು ಕಾಲೇಜಿನ ಅತ್ಯುನ್ನತ ತರಗತಿಯವರೆಗೆ ಕಲಿಸುವ ವಿಷಯವನ್ನಾಗಿ ಕಟ್ಟಿದವರಲ್ಲಿ ಮುಖ್ಯರಾದ ಒಬ್ಬರು ಈ ಊರಿನವರು ಎಂಬುದು ಬಸ್ಸಿನಲ್ಲಿ ಕುಳಿತವರಲ್ಲಿ ಎಷ್ಟು ಜನರಿಗೆ ಗೊತ್ತಿದ್ದೀತು? ಅವರೇ ತಳುಕಿನ ಸುಬ್ಬಣ್ಣ ವೆಂಕಣ್ಣಯ್ಯನವರು, ಟಿ. ಎಸ್. ವೆಂಕಣ್ಣಯ್ಯನವರು.

ಅವರು ಹುಟ್ಟಿದ್ದು 1885ರಲ್ಲಿ. ತಳುಕು ಸೀಮೆ ನಮ್ಮ ಸೀಮೆಯ ಹಾಗೆಯೇ. ಮಳೆ ಕಡಿಮೆ, ಕಲ್ಲು ಹೆಚ್ಚು, ಸಂತೆಯಲ್ಲಿ ಕನ್ನಡವೂ ತೆಲುಗೂ ಒಟ್ಟಿಗೆ ನಡೆಯುತ್ತವೆ. ಬೇಡಿಕೆ ಒಂದು ಮಾತಿನಲ್ಲಿ, ಚೌಕಾಸಿ ಇನ್ನೊಂದು ಮಾತಿನಲ್ಲಿ. ಇಂಥ ಕಡೆ ಹುಟ್ಟಿದವರಿಗೆ ಒಂದು ಭಾಷೆಯ ಮೇಲಿನ ಪ್ರೀತಿ ಇನ್ನೊಂದರ ಮೇಲಿನ ದ್ವೇಷವಾಗಬೇಕಾಗಿಲ್ಲ ಎಂಬುದು ತಾನಾಗಿಯೇ ತಿಳಿದಿರುತ್ತದೆ. ವೆಂಕಣ್ಣಯ್ಯನವರು ಮುಂದೆ ಬಂಗಾಳಿಯನ್ನೂ ಕಲಿತು, ರವೀಂದ್ರನಾಥ ಠಾಕೂರರ ಪ್ರಾಚೀನ ಸಾಹಿತ್ಯ ಎಂಬ ಪುಸ್ತಕವನ್ನು ಕನ್ನಡಕ್ಕೆ ತಂದರು. ಗೆಳೆಯರಾದ ಎ. ಆರ್. ಕೃಷ್ಣಶಾಸ್ತ್ರಿಗಳ ಜೊತೆಗೂಡಿ ಶ್ರೀ ರಾಮಕೃಷ್ಣ ಪರಮಹಂಸರ ಚರಿತ್ರೆಯನ್ನೂ ಬರೆದರು. ಈ ಇಬ್ಬರು ಗೆಳೆಯರನ್ನು ನಾಡಿನ ಜನ ಕನ್ನಡದ ಅಶ್ವಿನೀದೇವತೆಗಳೆಂದು ಕರೆದರು. ವೆಂಕಣ್ಣಯ್ಯನವರು ಆಜಾನುಬಾಹುಗಳು, ನೂರು ಜನರ ನಡುವೆ ನಿಂತರೂ ತಲೆ ಕಾಣುವಷ್ಟು ಎತ್ತರದ ಆಳು.

ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಆಗಿನ ಸ್ಥಿತಿಯನ್ನು ಸ್ವಲ್ಪ ಹೇಳಬೇಕಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅದಕ್ಕೆ ಮೊದಲು ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಕಾಲೇಜೆಂದರೆ ಇಂಗ್ಲಿಷು. ಚರಿತ್ರೆ, ತರ್ಕ, ವಿಜ್ಞಾನ ಎಲ್ಲವೂ ಇಂಗ್ಲಿಷಿನಲ್ಲಿಯೇ. ಕನ್ನಡಕ್ಕೆ ಇದ್ದದ್ದು ಎರಡನೆಯ ಭಾಷೆಯ ಮೂಲೆಯ ಜಾಗ. ಅದನ್ನು ಪಂಡಿತರು ಹೇಳಿಕೊಡುತ್ತಿದ್ದರು. ಪದ್ಯವನ್ನು ಬಿಡಿಸುವುದು, ಅನ್ವಯ ಮಾಡುವುದು, ಪ್ರತಿಪದಾರ್ಥ ಹೇಳುವುದು, ಸಂಧಿ ಸಮಾಸ ತೋರಿಸುವುದು, ಅಲಂಕಾರದ ಹೆಸರು ಹೇಳುವುದು, ಮತ್ತೆ ಮುಂದಿನ ಪದ್ಯ. ಆ ಪಂಡಿತರ ವಿದ್ವತ್ತನ್ನು ಹಗುರವಾಗಿ ಕಾಣಬಾರದು. ಅವರು ಕಾಪಾಡಿಕೊಂಡು ಬರದಿದ್ದರೆ ಹಳಗನ್ನಡವನ್ನು ಓದುವವರೇ ಉಳಿಯುತ್ತಿರಲಿಲ್ಲ. ಆದರೆ ವರ್ಷವಿಡೀ ಪಾಠ ಕೇಳಿದ ಹುಡುಗನಿಗೆ ಕವಿ ಯಾರು, ಯಾವ ಕಾಲದವನು, ಈ ಕಥೆಯನ್ನು ಹೀಗೇಕೆ ಕಟ್ಟಿದ ಎಂಬುದು ಗೊತ್ತಾಗದೆ ಹೋಗುವ ಸಂಭವವಿತ್ತು. ಕಾಳು ಎಣಿಸಿದರೂ ರಾಶಿ ನೋಡಲಿಲ್ಲ ಎಂಬಂತೆ.

ಅಷ್ಟರಲ್ಲಿ ನಾಡಿನಲ್ಲಿ ಬೇರೆ ಗಾಳಿ ಬೀಸತೊಡಗಿತ್ತು. ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಬಂದು, ಕನ್ನಡದಲ್ಲಿ ಎಷ್ಟು ಕವಿಗಳಿದ್ದಾರೆಂಬ ಲೆಕ್ಕ ಮೊದಲ ಬಾರಿಗೆ ಸಿಕ್ಕಿತು. 1919ರಲ್ಲಿ ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಪ್ರಬುದ್ಧ ಕರ್ಣಾಟಕ ಪತ್ರಿಕೆಯನ್ನು ಹೊರಡಿಸಿದರು. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಮೈಸೂರಿನಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದ ಕೆಲಸಕ್ಕೆ ನಿಂತಿದ್ದರು. ಅವರು 1926ರಲ್ಲಿ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾದರು. ಮರುವರ್ಷ, 1927ರಲ್ಲಿ, ಮಹಾರಾಜ ಕಾಲೇಜಿನಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾಯಿತು.

ಹೊಲ ಇದೆ, ಬಿತ್ತಬೇಕು, ಆದರೆ ಕೂರಿಗೆ ಇನ್ನೂ ಮಾಡಿಸಬೇಕು ಎಂಬ ಪರಿಸ್ಥಿತಿ ಅದು. ಎರಡು ವರ್ಷ ಕನ್ನಡವನ್ನೇ ಓದಿಸಬೇಕಾದರೆ ಏನನ್ನು ಓದಿಸುವುದು, ಯಾವ ಪುಸ್ತಕ ಇಡುವುದು? ಎಷ್ಟೋ ಕಾವ್ಯಗಳು ಇನ್ನೂ ಓಲೆಗರಿಯಲ್ಲಿದ್ದವು. ಅಚ್ಚಾದವುಗಳಲ್ಲಿಯೂ ಪಾಠ ಸರಿಯಿಲ್ಲದವು ಹಲವು. ವ್ಯಾಕರಣ, ಛಂದಸ್ಸು, ಭಾಷೆಯ ಚರಿತ್ರೆ ಇವುಗಳನ್ನು ಹೊಸ ರೀತಿಯಲ್ಲಿ ಕನ್ನಡದಲ್ಲಿಯೇ ವಿವರಿಸುವ ಗ್ರಂಥಗಳು ವಿರಳ. ಈ ಕೊರತೆ ನೀಗಲೆಂದೇ ವಿಭಾಗದ ಅಧ್ಯಾಪಕರು ಸೇರಿ ಕನ್ನಡ ಕೈಪಿಡಿ ಎಂಬ ಗ್ರಂಥವನ್ನು ಸಿದ್ಧಪಡಿಸಿದರು. ಅಂದರೆ ಪಾಠ ಹೇಳುವವರೇ ಪಠ್ಯವನ್ನೂ ತಯಾರು ಮಾಡಬೇಕಾಯಿತು.

ಈ ತರಗತಿಯ ಭಾರ ಹೊತ್ತವರು ವೆಂಕಣ್ಣಯ್ಯನವರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರೆಂದು ಅವರ ಹೆಸರು ಉಳಿದಿದೆ. ಹೊಸ ಪಾಠಕ್ರಮದಲ್ಲಿ ಪಂಡಿತರ ಪದಪದದ ಅರ್ಥವೂ ಇತ್ತು, ಅದರ ಮೇಲೆ ಇಡೀ ಕಾವ್ಯವನ್ನು ಒಂದಾಗಿ ನೋಡುವ ವಿಮರ್ಶೆಯ ದೃಷ್ಟಿಯೂ ಸೇರಿತು. ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು ಎಲ್ಲಿ ಲಿಪಿಕಾರನ ಕೈ ತಪ್ಪಿದೆ, ಯಾವುದು ಕವಿಯ ಮಾತು ಎಂದು ನಿರ್ಣಯಿಸುವ ವಿದ್ಯೆಯೂ ಬೆಳೆಯಿತು. ವ್ಯಾಪಾರಿಗಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಎರಡು ಖಾತೆ ಪುಸ್ತಕಗಳಲ್ಲಿ ಒಂದೇ ಬಾಕಿ ಬೇರೆ ಬೇರೆಯಾಗಿ ಕಂಡರೆ ಯಾವ ಅಂಕಿ ಸರಿಯೆಂದು ಹೇಗೆ ಹುಡುಕುತ್ತೇವೆಯೋ, ಇದೂ ಅದೇ ಕೆಲಸ, ತಾಳ್ಮೆ ಮಾತ್ರ ಹತ್ತು ಪಾಲು ಹೆಚ್ಚು ಬೇಕು.

ನಮ್ಮ ಪತ್ರಿಕೆಯಲ್ಲಿ ವೆಂಕಣ್ಣಯ್ಯನವರನ್ನು ನೆನೆಯುವುದಕ್ಕೆ ಇಲ್ಲಿ ಒಂದು ವಿಶೇಷ ಕಾರಣವಿದೆ. ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿ ಓದುಗರ ಕೈಗೆ ಕೊಟ್ಟವರು ಅವರು. ಅಣ್ಣನವರ ಚರಿತ್ರೆಯನ್ನು ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕೇಳಿರುವುದು ಭೀಮಕವಿಯ ಬಸವಪುರಾಣದಿಂದ. ಅದು 1369ರದು, ಪಾಲ್ಕುರಿಕೆ ಸೋಮನಾಥನ ತೆಲುಗಿನಿಂದ ಬಂದದ್ದು. ಗಡಿಯ ಎರಡೂ ಭಾಷೆಗಳ ಕೊಡುಕೊಳೆ ಇಂದಿನದಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಹರಿಹರನ ರಗಳೆ ಅದಕ್ಕಿಂತ ಹಳೆಯದು, ಕನ್ನಡದಲ್ಲಿಯೇ ಹುಟ್ಟಿದ್ದು. ಅದರಲ್ಲಿ ಒಂದು ಸ್ಥಲ ಪದ್ಯ, ಮುಂದಿನದು ಗದ್ಯ, ಹೀಗೆ ಸಾಗುತ್ತದೆ. ದೊರೆತಿರುವುದು 13 ಸ್ಥಲಗಳಷ್ಟೆ. ಚಂಪೂ ಕಾವ್ಯಗಳನ್ನೇ ದೊಡ್ಡದೆಂದು ಎಣಿಸುತ್ತಿದ್ದ ಕಣ್ಣಿಗೆ ರಗಳೆ ಸಾಮಾನ್ಯವೆಂದು ಕಾಣುತ್ತಿದ್ದ ಕಾಲದಲ್ಲಿ ಅದನ್ನು ಕಾಲೇಜಿನ ಮಟ್ಟದ ಶ್ರದ್ಧೆಯಿಂದ ಪರಿಷ್ಕರಿಸುವುದು ಸಣ್ಣ ಮಾತಲ್ಲ. ಹರಿಹರನ ಸೋದರಳಿಯ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಸಂಗ್ರಹದಲ್ಲಿಯೂ ಅವರ ಕೈಯಿದೆ. ವೆಂಕಣ್ಣಯ್ಯನವರು ಹುಟ್ಟಿನಿಂದ ಬ್ರಾಹ್ಮಣರು. ಶಿವಕವಿಗಳನ್ನು ಓದುವಾಗಲೂ ಓದಿಸುವಾಗಲೂ ಅವರು ಕಂಡದ್ದು ಕಾವ್ಯವನ್ನು, ಅದರ ಹಿಂದಿನ ಭಕ್ತಿಯನ್ನು.

ಬರೆದದ್ದು ಅವರು ಕಡಿಮೆಯೇ. ಸಾಹಿತ್ಯ ಚರಿತ್ರೆಯ ಬರಹಗಳು, ಕೆಲವು ಲೇಖನಗಳು, ಅನುವಾದಗಳು, ಸಂಪಾದನೆಗಳು. ಅಷ್ಟು ಓದಿಕೊಂಡವರು ಇನ್ನಷ್ಟು ಬರೆಯಬಹುದಿತ್ತಲ್ಲ ಎಂದು ನಮಗೂ ಅನ್ನಿಸುತ್ತದೆ. ಆದರೆ ಅವರ ಹೊತ್ತೆಲ್ಲ ವಿದ್ಯಾರ್ಥಿಗಳಿಗೆ ಹೋಯಿತು.

ಆ ವಿದ್ಯಾರ್ಥಿಗಳು ಯಾರು ಎಂಬುದನ್ನು ನೋಡಿ. ಮೊದಲ ತಂಡದಲ್ಲಿಯೇ ಡಿ. ಎಲ್. ನರಸಿಂಹಾಚಾರ್ಯರಿದ್ದರು, ಮುಂದೆ ಹಳಗನ್ನಡ ಗ್ರಂಥಸಂಪಾದನೆಗೆ ಅವರ ಹೆಸರೇ ಪ್ರಮಾಣವಾಯಿತು. ಅದೇ ತಂಡದಲ್ಲಿ ಮಲೆನಾಡಿನ ಕುಪ್ಪಳಿಯ ಒಬ್ಬ ತರುಣ. ಬಿ. ಎ.ಯಲ್ಲಿ ಆತನ ವಿಷಯ ತತ್ತ್ವಶಾಸ್ತ್ರ. ಮುಂದೆ ಏನು ಓದಬೇಕೆಂಬ ಹೊಯ್ದಾಟದಲ್ಲಿದ್ದಾಗ ಕನ್ನಡ ಎಂ. ಎ.ಯ ಕಡೆಗೆ ತಿರುಗಿಸಿದವರು ವೆಂಕಣ್ಣಯ್ಯನವರು. ಮನೆಯ ಹಿರಿಯರಾಗಿದ್ದರೆ ಹೇಗೆ ಯೋಚಿಸುತ್ತಿದ್ದೆವು? ಕನ್ನಡ ಓದಿದರೆ ಕೆಲಸ ಎಲ್ಲಿದೆ ಎಂದು ಕೇಳುತ್ತಿದ್ದೆವು. ಆ ಪ್ರಶ್ನೆ ಅಂದೂ ಇತ್ತು. ತರಗತಿಯೇ ಹೊಸದು, ಅದನ್ನು ಮುಗಿಸಿದವರು ಇನ್ನೂ ಒಬ್ಬರೂ ಇಲ್ಲ. ಆ ತರುಣ ಮೇಷ್ಟ್ರ ಮಾತನ್ನು ನಂಬಿದ. 1929ರಲ್ಲಿ ಎಂ. ಎ. ಮುಗಿಸಿ ಅದೇ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕನಾದ. ಅವರೇ ಕುವೆಂಪು. ಜಿ. ಪಿ. ರಾಜರತ್ನಂ ಅವರೂ ಇದೇ ಮೇಷ್ಟ್ರ ಶಿಷ್ಯರು. ಮನೆಯಲ್ಲಿಯೂ ವಿದ್ಯೆ ಹರಿಯಿತು. ತಮ್ಮ ತ. ಸು. ಶಾಮರಾಯರು ಕನ್ನಡ ಪ್ರಾಧ್ಯಾಪಕರಾದರು, ಮೂರು ತಲೆಮಾರು ಎಂಬ ಪುಸ್ತಕದಲ್ಲಿ ಮನೆತನದ ಕಥೆಯನ್ನು ಬರೆದರು. ದುರ್ಗದ ಪಾಳೆಯಗಾರರ ಕಾದಂಬರಿಗಳನ್ನು ಬರೆದ ತ. ರಾ. ಸು. ಇವರ ತಮ್ಮನ ಮಗ.

ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಐವತ್ತಮೂರೋ ಐವತ್ತನಾಲ್ಕೋ ವಯಸ್ಸು, ಹೋಗುವ ವಯಸ್ಸಲ್ಲ. ಅವರ ಬಳಿಕ ಕನ್ನಡ ವಿಭಾಗವನ್ನು ಗೆಳೆಯರಾದ ಕೃಷ್ಣಶಾಸ್ತ್ರಿಗಳು ನಡೆಸಿದರು, ಅವರ ಬಳಿಕ ಕುವೆಂಪು. 1956ರಿಂದ 1960ರವರೆಗೆ ಕುವೆಂಪು ಕುಲಪತಿಗಳಾಗಿದ್ದಾಗ ಕಾಲೇಜಿನಲ್ಲಿ ಇತರ ವಿಷಯಗಳನ್ನೂ ಕನ್ನಡದಲ್ಲಿ ಕಲಿಸುವ ಏರ್ಪಾಟಿಗೆ, ಅದಕ್ಕೆ ಬೇಕಾದ ಪುಸ್ತಕಗಳ ಪ್ರಕಟಣೆಗೆ ಕೈಹಾಕಿದರು. 1927ರಲ್ಲಿ ಒಂದು ತರಗತಿಗಾಗಿ ಎದುರಾದ ಪುಸ್ತಕದ ಕೊರತೆಯೇ ಮೂವತ್ತು ವರ್ಷದ ಮೇಲೆ ದೊಡ್ಡ ಪ್ರಮಾಣದಲ್ಲಿ ಮತ್ತೆ ಎದುರಾಗಿತ್ತು.

ಅದೇ ವರ್ಷಗಳಲ್ಲಿ ನಮ್ಮ ಕಡೆಯ ಗೆರೆಗಳೂ ಬದಲಾದವು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋಯಿತು, ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ಆಂಧ್ರದಲ್ಲಿ ಉಳಿದು ಅನಂತಪುರ ಜಿಲ್ಲೆಯ ಪಾಲಾಯಿತು. ಮಡಕಶಿರಾ, ಗುಡಿಬಂಡೆಗಳು ಅನಂತಪುರದಲ್ಲಿಯೇ ಇದ್ದು, 2022ರ ವಿಂಗಡಣೆಯಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಮನೆಯಲ್ಲಿ ಕನ್ನಡ, ಕಛೇರಿಯಲ್ಲಿ ತೆಲುಗು. ಕನ್ನಡದಲ್ಲಿ ಹೈಸ್ಕೂಲು ಮುಗಿಸಿದ ಹುಡುಗನ ತಂದೆ ಮಠಕ್ಕೆ ಬಂದಾಗ ಕೇಳುವುದು ಒಂದೇ ಮಾತು, ಮುಂದೆ ಯಾವ ಊರಿಗೆ ಕಳಿಸಲಿ, ಶಿರಾಕ್ಕೋ ಪಾವಗಡಕ್ಕೋ ಬಳ್ಳಾರಿಗೋ ಎಂದು.

ಕುವೆಂಪು ಅವರ ಶ್ರೀರಾಮಾಯಣ ದರ್ಶನಂ ಮಹಾಕಾವ್ಯವನ್ನು ಮುಂದೆ ಜ್ಞಾನಪೀಠ ಪ್ರಶಸ್ತಿ ಹುಡುಕಿಕೊಂಡು ಬಂತು, ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಅದು. ಆ ಕಾವ್ಯ ಮುಗಿದು ಅಚ್ಚಾಗುವ ಹೊತ್ತಿಗೆ ಮೇಷ್ಟ್ರು ತೀರಿಕೊಂಡು ಹತ್ತು ವರ್ಷವಾಗಿತ್ತು. ಪುಸ್ತಕ ತೆರೆದರೆ ಅರ್ಪಣೆಯಲ್ಲಿರುವುದು ತಳುಕಿನ ವೆಂಕಣ್ಣಯ್ಯನವರ ಹೆಸರು.