ಐದು ಡಾಲರ್ ಚಂದಾದ ಪತ್ರಕರ್ತ: ಐ.ಎಫ್. ಸ್ಟೋನ್

1953ರ ಜನವರಿ 17ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ನಾಲ್ಕು ಪುಟಗಳ ಒಂದು ವಾರಪತ್ರಿಕೆ ಹೊರಬಂತು. ಅದರ ವರದಿಗಾರ, ಸಂಪಾದಕ, ಪ್ರೂಫ್ ರೀಡರ್ ಎಲ್ಲವೂ ಒಬ್ಬರೇ. ಚಂದಾದಾರರ ಲೆಕ್ಕ, ಹಣಕಾಸು ನೋಡಿಕೊಳ್ಳಲಿಕ್ಕೆ ಹೆಂಡತಿ ಎಸ್ತರ್. ಜಾಹೀರಾತು ಒಂದೂ ಇಲ್ಲ. ವರ್ಷಕ್ಕೆ ಐದು ಡಾಲರ್ ಚಂದಾ. ಪತ್ರಿಕೆಯ ಹೆಸರು 'ಐ.ಎಫ್. ಸ್ಟೋನ್ಸ್ ವೀಕ್ಲಿ'.

ಆಗ ಸ್ಟೋನ್ ಅವರಿಗೆ 45 ವರ್ಷ. ಕೆಲಸ ಇಲ್ಲ, ಕಿವಿ ಸರಿಯಾಗಿ ಕೇಳುವುದಿಲ್ಲ, ಮೇಲಿಂದ ಸರಕಾರದ ಕೆಂಗಣ್ಣು. ಸೆನೆಟರ್ ಜೋಸೆಫ್ ಮೆಕಾರ್ಥಿ ಎಂಬವರು ಕಂಡಕಂಡವರಿಗೆಲ್ಲಾ ಕಮ್ಯುನಿಸ್ಟ್, ದೇಶದ್ರೋಹಿ ಎಂಬ ಹಣೆಪಟ್ಟಿ ಕಟ್ಟುತ್ತಿದ್ದ ಕಾಲ ಅದು. ಹಣೆಪಟ್ಟಿ ಬಿದ್ದವರ ಉದ್ಯೋಗ ಹೋಗುತ್ತಿತ್ತು, ಸ್ನೇಹಿತರು ದೂರ ಸರಿಯುತ್ತಿದ್ದರು. ದೊಡ್ಡ ದೊಡ್ಡ ಪತ್ರಿಕೆಗಳೇ ಬಾಯಿ ಮುಚ್ಚಿ ಕೂತಿದ್ದಾಗ ಈ ಮನುಷ್ಯ ಸ್ವಂತ ಪತ್ರಿಕೆ ಶುರು ಮಾಡಿದ್ದು.

ಅವರ ಹುಟ್ಟು ಹೆಸರು ಇಸಿದೋರ್ ಫೈನ್‌ಸ್ಟೈನ್. ರಷ್ಯಾದಿಂದ ವಲಸೆ ಬಂದ ಯಹೂದಿ ದಂಪತಿಯ ಮಗ. 1907ರ ಡಿಸೆಂಬರ್ 24ರಂದು ಫಿಲಡೆಲ್ಫಿಯಾದಲ್ಲಿ ಹುಟ್ಟಿ, ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ ಬೆಳೆದರು. ತಂದೆಗೆ ಅಲ್ಲಿ ಒಂದು ಅಂಗಡಿ ಇತ್ತು. ಹುಡುಗನಿಗೆ ಪುಸ್ತಕದ ಹುಚ್ಚು, ಆದರೆ ಶಾಲೆಯ ಪಾಠದಲ್ಲಿ ಅಷ್ಟಕ್ಕಷ್ಟೇ. 14ನೇ ವಯಸ್ಸಿನಲ್ಲಿ 'ದಿ ಪ್ರೋಗ್ರೆಸ್' ಅಂತ ಸ್ವಂತ ಪತ್ರಿಕೆ ಹೊರಡಿಸಿಯೇ ಬಿಟ್ಟ. ನಮಗೆ ಕುತೂಹಲದ ಸಂಗತಿ ಏನೆಂದರೆ, ಅದರಲ್ಲಿ ಆ ಹುಡುಗ ಗಾಂಧೀಜಿಯವರ ಸ್ವಾತಂತ್ರ್ಯ ಹೋರಾಟವನ್ನು ಬೆಂಬಲಿಸಿ ಬರೆದಿದ್ದ! ಮೂರು ಸಂಚಿಕೆ ಬರುವಷ್ಟರಲ್ಲಿ ತಂದೆ ಅದನ್ನು ನಿಲ್ಲಿಸಿದರು, ಓದು ಹಾಳಾಗುತ್ತದೆ ಅಂತ. ನಿಲ್ಲಿಸಿದರೂ ದೊಡ್ಡ ಪ್ರಯೋಜನ ಆಗಲಿಲ್ಲ ಅನ್ನಿ. ಹೈಸ್ಕೂಲು ಮುಗಿಸುವಾಗ 52 ಮಂದಿಯ ತರಗತಿಯಲ್ಲಿ 49ನೇ ಸ್ಥಾನ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರಕ್ಕೆ ಸೇರಿ, ಅದನ್ನೂ ಅರ್ಧಕ್ಕೆ ಬಿಟ್ಟು ಪತ್ರಿಕೆಯ ಕೆಲಸಕ್ಕೆ ನಡೆದರು.

1930ರ ದಶಕದಲ್ಲಿ 'ನ್ಯೂಯಾರ್ಕ್ ಪೋಸ್ಟ್'ನಲ್ಲಿ ಸಂಪಾದಕೀಯ ಬರೆದರು. ಯಹೂದಿ ದ್ವೇಷ ಹೆಚ್ಚಿದ್ದ ಆ ದಿನಗಳಲ್ಲಿ ಹೆಸರನ್ನು ಐ.ಎಫ್. ಸ್ಟೋನ್ ಅಂತ ಬದಲಿಸಿಕೊಂಡರು. ಆಮೇಲೆ 'ದಿ ನೇಷನ್' ವಾರಪತ್ರಿಕೆ, 'ಪಿಎಂ' ದಿನಪತ್ರಿಕೆ. 1941ರಲ್ಲಿ ಒಂದು ಘಟನೆ ನಡೆಯಿತು. ವಾಷಿಂಗ್ಟನ್‌ನ ನ್ಯಾಷನಲ್ ಪ್ರೆಸ್ ಕ್ಲಬ್‌ಗೆ ಸ್ಟೋನ್ ಒಬ್ಬ ಅತಿಥಿಯನ್ನು ಊಟಕ್ಕೆ ಕರೆದುಕೊಂಡು ಹೋದರು. ಅತಿಥಿ ವಿಲಿಯಂ ಹೇಸ್ಟಿ, ಮೊದಲು ನ್ಯಾಯಾಧೀಶರಾಗಿದ್ದ ದೊಡ್ಡ ಕಾನೂನು ಪಂಡಿತ. ಆದರೆ ಕಪ್ಪು ವರ್ಣೀಯ. ಕ್ಲಬ್‌ನವರು ಊಟ ಬಡಿಸಲಿಲ್ಲ. ಪತ್ರಕರ್ತರ ಕ್ಲಬ್ ನೋಡಿ ಅದು, ಸಮಾನತೆಯ ಬಗ್ಗೆ ದಿನಾ ಬರೆಯುವವರದ್ದು. ಸ್ಟೋನ್ ವಿರೋಧಿಸಿದರು, ಸದಸ್ಯರ ಬೆಂಬಲ ಸಿಗಲಿಲ್ಲ, ರಾಜೀನಾಮೆ ಕೊಟ್ಟು ಹೊರಬಂದರು. ಕ್ಲಬ್ ಅವರನ್ನು ಮತ್ತೆ ಸೇರಿಸಿಕೊಂಡದ್ದು 1981ರಲ್ಲಿ, ನಲವತ್ತು ವರ್ಷ ಕಳೆದು.

ಎಡಪಂಥೀಯ ಪತ್ರಿಕೆಗಳಿಗೆ ಅದು ಕೆಟ್ಟ ಕಾಲ. 'ಪಿಎಂ' 1948ರಲ್ಲಿ ನಿಂತಿತು, ಅದರ ಜಾಗಕ್ಕೆ ಬಂದ 'ಸ್ಟಾರ್' ಕೆಲವೇ ತಿಂಗಳಲ್ಲಿ ಹೋಯಿತು, ನಂತರದ 'ಡೈಲಿ ಕಂಪಾಸ್' 1952ರ ನವೆಂಬರ್‌ನಲ್ಲಿ ಮುಚ್ಚಿತು. ಬೇರೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಹಾಗಾಗಿ ಮುಚ್ಚಿಹೋದ ಆ ಪತ್ರಿಕೆಗಳ ಓದುಗರ ವಿಳಾಸದ ಪಟ್ಟಿ ಹಿಡಿದು ಪತ್ರ ಬರೆದರು. 5,300 ಮಂದಿ ಐದೈದು ಡಾಲರ್ ಕಳಿಸಿದರು. ಹುಟ್ಟಿದ್ದು ಹಾಗೆ 'ವೀಕ್ಲಿ'. ಆಲ್ಬರ್ಟ್ ಐನ್‌ಸ್ಟೈನ್ ಕೂಡ ಒಬ್ಬ ಚಂದಾದಾರ.

ಇನ್ನು ಕೆಲಸದ ರೀತಿ. ಅಧಿಕಾರಿಗಳ ಜೊತೆ ಕಾಫಿ ಕುಡಿಯುತ್ತಾ ಒಳಗಿನ ಸುದ್ದಿ ಪಡೆಯುವುದು ವಾಷಿಂಗ್ಟನ್ ಪತ್ರಕರ್ತರ ಪದ್ಧತಿ. ಸ್ಟೋನ್‌ಗೆ ಆ ದಾರಿ ಇರಲಿಲ್ಲ. ಕರೆಯುವವರಿಲ್ಲ, ಕರೆದರೂ ಶ್ರವಣಯಂತ್ರ ಇಟ್ಟುಕೊಂಡು ಪತ್ರಿಕಾಗೋಷ್ಠಿಯಲ್ಲಿ ಎಲ್ಲವನ್ನೂ ಹಿಡಿಯುವುದು ಕಷ್ಟ. ಹಾಗಾಗಿ ಓದಿದರು. ಸಂಸತ್ತಿನ ಸಮಿತಿಗಳ ನಡಾವಳಿ, ಬಜೆಟ್ ದಾಖಲೆ, ಇಲಾಖೆಗಳ ವರದಿ, ಅವುಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಅನುಬಂಧ. ಎಲ್ಲರಿಗೂ ಸಿಗುವಂಥದ್ದೇ, ಗುಟ್ಟು ಏನೂ ಇಲ್ಲ. ಸರಕಾರ ಒಂದು ಕಡೆ ಹೇಳಿದ್ದನ್ನು ಇನ್ನೊಂದು ಕಡೆ ತಾನೇ ಸುಳ್ಳು ಮಾಡಿರುತ್ತದೆ, ಅದನ್ನು ಜೋಡಿಸಿ ನೋಡುವ ತಾಳ್ಮೆ ಯಾರಿಗಾದರೂ ಇರಬೇಕು ಅಷ್ಟೇ.

ಒಂದು ಉದಾಹರಣೆ ಸಾಕು. 1957ರ ಸೆಪ್ಟೆಂಬರ್ 19ರಂದು ನೆವಾಡಾದಲ್ಲಿ ಅಮೆರಿಕ ನೆಲದಡಿಯಲ್ಲಿ ಅಣುಬಾಂಬ್ ಪರೀಕ್ಷೆ ನಡೆಸಿತು. ಅಣು ಪರೀಕ್ಷೆ ನಿಷೇಧಿಸುವ ಬಗ್ಗೆ ರಷ್ಯಾದ ಜೊತೆ ಮಾತುಕತೆಯ ಸಮಯ. ನೆಲದಡಿಯ ಸ್ಫೋಟವನ್ನು ದೂರದಿಂದ ಪತ್ತೆ ಮಾಡಲಿಕ್ಕೆ ಆಗುವುದಿಲ್ಲ, ಹಾಗಾಗಿ ನಿಷೇಧಿಸಿದರೆ ರಷ್ಯಾ ಮೋಸ ಮಾಡುತ್ತದೆ ಎಂಬುದು ವಿರೋಧಿಗಳ ವಾದ. ಅದಕ್ಕೆ ಸರಿಯಾಗಿ ಅಣುಶಕ್ತಿ ಆಯೋಗ ಮರುವರ್ಷ ವರದಿ ಕೊಟ್ಟಿತು: ಕಂಪನ ದಾಖಲಾದದ್ದು ಹೆಚ್ಚೆಂದರೆ 200 ಮೈಲಿ ದೂರದಲ್ಲಿ. ಸ್ಟೋನ್‌ಗೆ ಏನೋ ನೆನಪಾಯಿತು. ಸ್ಫೋಟದ ಮರುದಿನದ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಮುಖ್ಯ ವರದಿಯ ಕೆಳಗೆ ಟೊರೊಂಟೊ, ರೋಮ್, ಟೋಕಿಯೋದಿಂದ ಬಂದ ತುಂಡು ಸುದ್ದಿಗಳಿದ್ದವು, ಅಲ್ಲೆಲ್ಲಾ ಕಂಪನ ಗೊತ್ತಾಗಿದೆ ಅಂತ. ಆ ಪುಟವನ್ನು ಅವರು ಎತ್ತಿಟ್ಟಿದ್ದರು. ಭೂಕಂಪ ದಾಖಲಿಸುವ ಸರಕಾರಿ ಕಚೇರಿಗೆ ನೇರವಾಗಿ ಹೋಗಿ ವಿಜ್ಞಾನಿಗಳನ್ನು ಕೇಳಿದರು. ಅವರು ಪಟ್ಟಿಯನ್ನೇ ಕೊಟ್ಟರು. ಅಮೆರಿಕ, ಕೆನಡಾದ 19 ಕೇಂದ್ರಗಳಲ್ಲಿ ದಾಖಲಾಗಿತ್ತು, ಅತಿ ದೂರದ್ದು 2,300 ಮೈಲಿ ಆಚೆಯ ಅಲಾಸ್ಕಾದ ಫೇರ್‌ಬ್ಯಾಂಕ್ಸ್. ಆಯೋಗ ತನ್ನ ವರದಿಯನ್ನು ತಿದ್ದಬೇಕಾಯಿತು. ಐದು ಡಾಲರಿನ ಪತ್ರಿಕೆ ಒಂದು ಮಹಾಶಕ್ತಿಯ ಲೆಕ್ಕವನ್ನು ಸರಿ ಮಾಡಿಸಿತು ಅಂದರೆ ಸಣ್ಣ ಮಾತಲ್ಲ.

ವಿಯೆಟ್ನಾಂ ಯುದ್ಧದಲ್ಲೂ ಇದೇ. 1964ರ ಆಗಸ್ಟ್‌ನಲ್ಲಿ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ದಾಳಿ ನಡೆಯಿತೆಂದು ಹೇಳಿ ಅಧ್ಯಕ್ಷ ಜಾನ್ಸನ್ ಯುದ್ಧಕ್ಕೆ ಸಂಸತ್ತಿನ ಒಪ್ಪಿಗೆ ಪಡೆದರು. ಇಡೀ ಸೆನೆಟ್‌ನಲ್ಲಿ ವಿರೋಧವಾಗಿ ಮತ ಹಾಕಿದ್ದು ಇಬ್ಬರೇ. ಸರಕಾರದ ಕಥೆಯನ್ನು ಸಂಶಯದಿಂದ ನೋಡಿದ ಕೆಲವೇ ಪತ್ರಕರ್ತರಲ್ಲಿ ಸ್ಟೋನ್ ಒಬ್ಬರು. ಎರಡನೇ ದಾಳಿ ನಡೆದೇ ಇರಲಿಲ್ಲ ಅಂತ ಆಮೇಲೆ ಖಚಿತವಾಯಿತು. 1965ರಲ್ಲಿ ಸರಕಾರ ಒಂದು ಶ್ವೇತಪತ್ರ ತಂದು, ದಕ್ಷಿಣದ ಬಂಡುಕೋರರಿಗೆಲ್ಲಾ ಹೊರಗಿನಿಂದಲೇ ಆಯುಧ ಬರುತ್ತಿದೆ ಎಂದಿತು. ಸ್ಟೋನ್ ಅದರ ಅನುಬಂಧ ತೆರೆದು ಕೂತು ಬಂದೂಕುಗಳನ್ನು ಒಂದೊಂದಾಗಿ ಲೆಕ್ಕ ಹಾಕಿದರು. ಕಮ್ಯುನಿಸ್ಟ್ ದೇಶಗಳಿಂದ ಬಂದದ್ದು ಅಂತ ತೋರಿಸಿದ್ದು ಒಟ್ಟು 179. ಆ ಮೂರು ವರ್ಷಗಳಲ್ಲಿ ಬಂಡುಕೋರರಿಂದ ವಶಪಡಿಸಿಕೊಂಡ ಆಯುಧ ಎಷ್ಟು ಗೊತ್ತುಂಟಾ? ರಕ್ಷಣಾ ಇಲಾಖೆಯ ಲೆಕ್ಕದಲ್ಲೇ ಸುಮಾರು 15,100.

ಇದರ ಬೆಲೆಯನ್ನೂ ತೆತ್ತರು. ಎಫ್‌ಬಿಐ ವರ್ಷಗಟ್ಟಲೆ ಅವರ ಬೆನ್ನು ಬಿದ್ದು, ಅಂಚೆ ನೋಡಿ, ಮನೆಯ ಕಸವನ್ನೂ ಕೆದಕಿ ಸಾವಿರಾರು ಪುಟಗಳ ಕಡತ ಮಾಡಿತ್ತು.

ಸರಕಾರವನ್ನು ಎದುರಿಸಲು ಧೈರ್ಯ ಬೇಕು, ಸರಿ. ಸ್ವಂತ ಜನರನ್ನು ಎದುರಿಸುವುದು ಅದಕ್ಕಿಂತ ಕಷ್ಟ ಅಂತ ನನಗೆ ಅನಿಸುತ್ತದೆ. 1946ರಲ್ಲಿ ಹಿಟ್ಲರನ ಶಿಬಿರಗಳಿಂದ ಬದುಕಿ ಬಂದ ಯಹೂದಿ ನಿರಾಶ್ರಿತರ ಜೊತೆ ಸ್ಟೋನ್ ಯುರೋಪಿನಿಂದ ಫೆಲೆಸ್ತೀನಿಗೆ ಬ್ರಿಟಿಷರ ಕಣ್ಣು ತಪ್ಪಿಸಿ ಹಡಗಿನಲ್ಲಿ ಪ್ರಯಾಣಿಸಿದರು. ಅದರ ಬಗ್ಗೆ ಬರೆದ 'ಅಂಡರ್‌ಗ್ರೌಂಡ್ ಟು ಪ್ಯಾಲೆಸ್ಟೈನ್' ಪುಸ್ತಕ ಯಹೂದಿಗಳಲ್ಲಿ ದೊಡ್ಡ ಹೆಸರು ತಂದಿತು. ಆದರೆ ಅರಬರೂ ಯಹೂದಿಗಳೂ ಸಮಾನರಾಗಿ ಬಾಳುವ ಒಂದೇ ದೇಶ ಆಗಬೇಕು ಎಂಬ ಮಾತು ಅದರಲ್ಲಿತ್ತು. ಅದನ್ನು ತೆಗೆದರೆ ಪುಸ್ತಕಕ್ಕೆ ಭಾರೀ ಪ್ರಚಾರ ಕೊಡುತ್ತೇವೆ ಎಂದು ಝಿಯೋನಿಸ್ಟ್ ಗೆಳೆಯರು ಹೇಳಿದರು. ಸ್ಟೋನ್ ತೆಗೆಯಲಿಲ್ಲ. 1967ರ ಯುದ್ಧ ಮುಗಿದು ಅಮೆರಿಕದ ಯಹೂದಿಗಳು ವಿಜಯೋತ್ಸಾಹದಲ್ಲಿದ್ದಾಗ 'ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್'ನಲ್ಲಿ ದೀರ್ಘ ಲೇಖನ ಬರೆದು, ಮನೆ ಕಳೆದುಕೊಂಡ ಫೆಲೆಸ್ತೀನಿ ಅರಬರಿಗೆ ನ್ಯಾಯ ಕೊಡುವುದು ತಮ್ಮ ಜನರ ಮೇಲಿರುವ ನೈತಿಕ ಸಾಲ ಎಂದು ವಾದಿಸಿದರು. ಹಳೆಯ ಸ್ನೇಹಿತರು ದೂರವಾದರು. ಇಸ್ರೇಲನ್ನು ಅವರು ದ್ವೇಷಿಸಿದವರಲ್ಲ, ಕೊನೆಯವರೆಗೂ ಅದರ ಬಗ್ಗೆ ಪ್ರೀತಿ ಇತ್ತು. ಹಾಗಾಗಿಯೇ ಆ ಬರಹಕ್ಕೆ ತೂಕ.

ತಪ್ಪು ಮಾಡದ ಮನುಷ್ಯ ಅಂತ ಹೇಳುತ್ತಿಲ್ಲ. ಸ್ಟಾಲಿನ್ನನ ಸೋವಿಯತ್ ರಷ್ಯಾದ ಬಗ್ಗೆ ಬಹಳ ಕಾಲ ಮೆತ್ತಗಿದ್ದರು. ಅಮೆರಿಕದ ದಾಖಲೆಯಲ್ಲಿ ಅಲ್ಪವಿರಾಮವನ್ನೂ ಬಿಡದವರು ಅಲ್ಲಿಯ ಸುಳ್ಳುಗಳನ್ನು ಅಷ್ಟು ಹುಡುಕಲಿಲ್ಲ. ಕೊರಿಯಾ ಯುದ್ಧದ ಬಗ್ಗೆ 1952ರಲ್ಲಿ ಬರೆದ ಪುಸ್ತಕದ ಮುಖ್ಯ ಅನುಮಾನ ಆಮೇಲೆ ತೆರೆದ ಸೋವಿಯತ್ ಕಡತಗಳ ಮುಂದೆ ನಿಲ್ಲಲಿಲ್ಲ. 1956ರಲ್ಲಿ ಮಾಸ್ಕೋಗೆ ಹೋಗಿ ಕಣ್ಣಾರೆ ಕಂಡು ಬಂದ ಮೇಲೆ ಮಾತ್ರ, ಅದು ಒಳ್ಳೆಯ ಸಮಾಜವೂ ಅಲ್ಲ, ಆಳುವವರು ಪ್ರಾಮಾಣಿಕರೂ ಅಲ್ಲ ಎಂದು ನೇರವಾಗಿ ಬರೆದರು. ನೂರಾರು ಎಡಪಂಥೀಯ ಓದುಗರು ಚಂದಾ ನಿಲ್ಲಿಸಿದರು. ಅಷ್ಟು ಸಣ್ಣ ಪತ್ರಿಕೆಗೆ ಅದು ದೊಡ್ಡ ಏಟು. 1930ರ ದಶಕದಲ್ಲಿ ಸೋವಿಯತ್ ಗೂಢಚಾರರ ಜೊತೆ ಅವರಿಗೆ ಸಂಬಂಧ ಇತ್ತೆಂದು ಸತ್ತ ಮೇಲೆ ಕೆಲವು ಇತಿಹಾಸಕಾರರು ಬರೆದರು. ಅವರ ಜೀವನಚರಿತ್ರೆ ಬರೆದವರು ಅದನ್ನು ಒಪ್ಪುವುದಿಲ್ಲ. ಆ ಜಗಳ ಇನ್ನೂ ಮುಗಿದಿಲ್ಲ.

1971ರ ಡಿಸೆಂಬರ್‌ನಲ್ಲಿ ಹೃದಯದ ತೊಂದರೆಯಿಂದ ಪತ್ರಿಕೆ ನಿಲ್ಲಿಸಿದಾಗ ಸುಮಾರು 70,000 ಪ್ರತಿ ಹೋಗುತ್ತಿತ್ತು. ಚಂದಾ ಅದೇ ಐದು ಡಾಲರ್. ನಿವೃತ್ತಿಯಲ್ಲೂ ಸುಮ್ಮನೆ ಕೂರಲಿಲ್ಲ. ಮಾತನಾಡುವ ಹಕ್ಕಿಗೆ ಹೆಸರಾಗಿದ್ದ ಅಥೆನ್ಸ್ ನಗರ ಸಾಕ್ರೆಟಿಸ್‌ನನ್ನು ಯಾಕೆ ಕೊಂದಿತು ಎಂಬ ಪ್ರಶ್ನೆ ತಲೆಗೆ ಹೊಕ್ಕಿತು. ಅನುವಾದವನ್ನು ನಂಬದೆ, ಮೂಲ ದಾಖಲೆಯನ್ನೇ ನೋಡಬೇಕು ಅಂತ ಆ ವಯಸ್ಸಿನಲ್ಲಿ ಹಳೆಯ ಗ್ರೀಕ್ ಭಾಷೆಗೆ ಕೂತರು. 1988ರಲ್ಲಿ ಬಂದ 'ದಿ ಟ್ರಯಲ್ ಆಫ್ ಸಾಕ್ರೆಟಿಸ್' ಚೆನ್ನಾಗಿ ಮಾರಾಟವಾಯಿತು. ಮರುವರ್ಷ ಜೂನ್ 18ರಂದು ಬೋಸ್ಟನ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 81 ವರ್ಷ. ಹಾರ್ವರ್ಡ್‌ನ ನೀಮನ್ ಪ್ರತಿಷ್ಠಾನ 2008ರಿಂದ ಸ್ವತಂತ್ರ ಪತ್ರಕರ್ತರಿಗೆ ಅವರ ಹೆಸರಿನ ಪದಕ ಕೊಡುತ್ತಿದೆ.