ಭೂಲೋಕಮಲ್ಲ ಸೋಮೇಶ್ವರ: ಮೃಗಯಾವಿನೋದ ಮತ್ತು ಬಾಣದ ಹೊಣೆ

ಇಂದಿನ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿಗೆ ಸೇರಿದ ನೀಲಗುಂದವು ಶಾಸನಾಭ್ಯಾಸಿಗಳಿಗೆ ಹೊಸ ಹೆಸರಲ್ಲ. ಕಲ್ಯಾಣ ಚಾಲುಕ್ಯ ಶೈಲಿಯ ಭೀಮೇಶ್ವರ ದೇವಾಲಯವೂ ಆರನೆಯ ವಿಕ್ರಮಾದಿತ್ಯನ ಕಾಲದ ತಾಮ್ರಪಟಗಳೂ ಈ ಊರಿಗೆ ಕರ್ನಾಟಕದ ಚರಿತ್ರೆಯಲ್ಲಿ ಒಂದು ಸ್ಥಾನವನ್ನು ದೊರಕಿಸಿಕೊಟ್ಟಿವೆ. ಊರಿನ ಸುತ್ತಲಿನ ತುಂಗಭದ್ರಾ ಬಯಲು ಜಿಂಕೆಗಳಿಗೆ ಒಗ್ಗುವ ನೆಲ; ನದಿಯಾಚೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿಯೇ ಅಭಯಾರಣ್ಯವೊಂದು ಸ್ಥಾಪನೆಯಾಯಿತು. ಈ ಸೀಮೆಯನ್ನು ಆಳಿದ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಜಿಂಕೆಯ ಬೇಟೆಯನ್ನು ಒಂದು ವಿದ್ಯೆಯೆಂದು ಪರಿಗಣಿಸಿ ಗ್ರಂಥಸ್ಥಗೊಳಿಸಿದ ಅರಸ. ಬಾಣವನ್ನು ಎಲ್ಲಿಗೆ, ಯಾವಾಗ, ಯಾವ ಎಚ್ಚರದಿಂದ ಬಿಡಬೇಕು ಎಂಬ ಪ್ರಶ್ನೆಯ ಬೆಳಕಿನಲ್ಲಿ ಅವನ ಬಾಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸೋಮೇಶ್ವರನು 1126ರಲ್ಲಿ ತಂದೆಯ ನಂತರ ಪಟ್ಟಕ್ಕೆ ಬಂದನು. ಅರ್ಧ ಶತಮಾನ ಆಳಿದ ಪ್ರತಾಪಶಾಲಿಯ ಉತ್ತರಾಧಿಕಾರಿಯಾಗುವುದು ಸುಲಭದ ಸಂಗತಿಯಾಗಿರಲಿಲ್ಲ. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಸ್ವತಂತ್ರನಾಗಲು ಹವಣಿಸುತ್ತಿದ್ದನು; ಪೂರ್ವದಲ್ಲಿ ವೆಂಗಿಯ ಮೇಲಿನ ಹಿಡಿತ ಚೋಳರ ಪಾಲಾಯಿತು. ಯುದ್ಧಗಳಿಗಿಂತ ವಿದ್ಯೆಯಿಂದಲೇ ಇವನ ಹೆಸರು ಉಳಿದಿದೆ. ಭೂಲೋಕಮಲ್ಲ ಎಂಬ ಬಿರುದಿನ ಜೊತೆಗೆ ಸರ್ವಜ್ಞ ಚಕ್ರವರ್ತಿ ಎಂಬ ಬಿರುದೂ ಇವನಿಗೆ ಸಲ್ಲುತ್ತದೆ. ತಂದೆಯ ಚರಿತ್ರೆಯನ್ನು ವಿಕ್ರಮಾಂಕಾಭ್ಯುದಯವೆಂಬ ಸಂಸ್ಕೃತ ಗದ್ಯಕೃತಿಯಲ್ಲಿ ಬರೆಯಲು ತೊಡಗಿದವನೂ ಇವನೇ. 1138ರಲ್ಲಿ ಇವನ ಆಳ್ವಿಕೆ ಮುಗಿದು, ಮಗ ಇಮ್ಮಡಿ ಜಗದೇಕಮಲ್ಲನು ಸಿಂಹಾಸನವನ್ನೇರಿದನು.

ಸೋಮೇಶ್ವರನ ಕೀರ್ತಿಗೆ ಮುಖ್ಯ ಆಧಾರವಾದ ಮಾನಸೋಲ್ಲಾಸವು, ಅಭಿಲಷಿತಾರ್ಥ ಚಿಂತಾಮಣಿ ಎಂಬ ಹೆಸರಿನಿಂದಲೂ ಪ್ರಸಿದ್ಧವಾಗಿದ್ದು, 1130ರ ಆಸುಪಾಸಿನಲ್ಲಿ ರಚಿತವಾಯಿತು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ರಾಜ್ಯವನ್ನು ಪಡೆಯುವುದು, ಅದನ್ನು ಸ್ಥಿರಗೊಳಿಸುವುದು, ಉಪಭೋಗ, ವಿನೋದ ಮತ್ತು ಕ್ರೀಡೆಗಳು ನಿರೂಪಿತವಾಗಿವೆ. ಮೊದಲ ವಿಂಶತಿಯು ಅಸತ್ಯವನ್ನೂ ಪರದ್ರೋಹವನ್ನೂ ತ್ಯಜಿಸಬೇಕೆಂಬ ನೀತಿಯಿಂದ ಆರಂಭವಾಗುತ್ತದೆ. ನಾಲ್ಕನೆಯದರಲ್ಲಿ ಮೀನು ಹಿಡಿಯುವ ಮತ್ಸ್ಯವಿನೋದಕ್ಕೂ ಸಂಗೀತದ ಗೀತವಿನೋದಕ್ಕೂ ನಡುವೆ ಮೃಗಯಾವಿನೋದವು ಬರುತ್ತದೆ. ದ್ರೋಹವನ್ನು ವರ್ಜಿಸಲು ಹೇಳಿದ ಲೇಖನಿಯೇ ಮೃಗವಧೆಯ ಉಪಾಯಗಳನ್ನೂ ಬರೆದಿದೆ. ಈ ವೈರುಧ್ಯವನ್ನು ಮುಚ್ಚಿಟ್ಟು ಸೋಮೇಶ್ವರನನ್ನು ಕೇವಲ ಹೊಗಳುವುದು ಸಂಶೋಧನೆಗೆ ಶೋಭಿಸುವುದಿಲ್ಲ.

ಬೇಟೆಯ ಬಗೆಗಿನ ಸಂದಿಗ್ಧ ಸೋಮೇಶ್ವರನಿಂದ ಆರಂಭವಾದುದಲ್ಲ. ಅರ್ಥಶಾಸ್ತ್ರವು ಬೇಟೆಯನ್ನು ಅರಸನ ವ್ಯಸನಗಳಲ್ಲಿ ಎಣಿಸಿಯೂ, ದೇಹಕ್ಕೆ ವ್ಯಾಯಾಮ, ಚಲಿಸುವ ಮತ್ತು ನಿಂತ ಗುರಿಗಳಿಗೆ ಹೊಡೆಯುವ ಅಭ್ಯಾಸ, ಪ್ರಾಣಿಗಳ ಇಂಗಿತಜ್ಞಾನ ಎಂಬ ಗುಣಗಳನ್ನು ಅದಕ್ಕೆ ಒಪ್ಪಿಸುತ್ತದೆ. ಅಭಯವಿತ್ತ ಮೃಗಗಳನ್ನು ಕೊಂದವರಿಗೆ ದಂಡವನ್ನೂ ವಿಧಿಸುತ್ತದೆ. ಸೋಮೇಶ್ವರನು ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು, ತರಬೇತಾದ ಚೀತಾವನ್ನು ಬಿಡುವುದು ಮೊದಲಾದ ಕ್ರಮಗಳನ್ನು ವಿವರಿಸುತ್ತಾನೆ. ನಾಯಿಗಳಿಗೆ ಸಾರಮೇಯವಿನೋದವೆಂಬ ಪ್ರತ್ಯೇಕ ಅಧ್ಯಾಯವೇ ಇದೆ. ಬೇಟೆನಾಯಿಗೆ ಕನ್ನಡ ನಾಡು ಕೊಟ್ಟ ಮನ್ನಣೆಗೆ ಹತ್ತನೆಯ ಶತಮಾನದ ಆತಕೂರು ಶಾಸನವೇ ಸಾಕ್ಷಿ; ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಗಾಗಿ ಅಲ್ಲಿ ಕಲ್ಲು ನಿಂತಿತು.

ಈ ಉಪಾಯಗಳನ್ನು ಬಿಲ್ಲಿನ ಮಿತಿಯೊಡನೆ ಇಟ್ಟು ನೋಡಿದಾಗ ಅವುಗಳ ಅರ್ಥ ಸ್ಪಷ್ಟವಾಗುತ್ತದೆ. ಬಾಣವು ರಕ್ತನಾಳಗಳನ್ನು ಕತ್ತರಿಸಿ ಕೊಲ್ಲುತ್ತದೆ. ಜಿಂಕೆಯ ಹೃದಯವೂ ಶ್ವಾಸಕೋಶಗಳೂ ಮುಂಗಾಲಿನ ಹಿಂದೆ, ಎದೆಗೂಡಿನೊಳಗೆ ಇವೆ. ಮೃಗವು ಪಕ್ಕಕ್ಕೆ ತಿರುಗಿ, ಗಾಬರಿಯಿಲ್ಲದೆ, ಸಮೀಪದಲ್ಲಿ ನಿಂತಾಗ ಮಾತ್ರ ಆ ಸ್ಥಾನ ಬಾಣಕ್ಕೆ ತೆರೆದುಕೊಳ್ಳುತ್ತದೆ. ಅಲ್ಲಿ ತಾಗಿದರೆ ಸಾವು ಬೇಗ ಬರುತ್ತದೆ. ಎದುರಿನಿಂದ ಬಿಟ್ಟ ಬಾಣಕ್ಕೆ ಎಲುಬು ಅಡ್ಡಬರುತ್ತದೆ. ಹೊಟ್ಟೆಗೆ ತಾಗಿದರೆ ಮೃಗವು ಬಹುದೂರ ಓಡಿ, ಗಂಟೆಗಟ್ಟಲೆ ನರಳಿ ಸಾಯುತ್ತದೆ. ಓಡುವ ಜಿಂಕೆಗೆ ಗುರಿ ತಪ್ಪುವ ಸಂಭವವೇ ಹೆಚ್ಚು. ಆದ್ದರಿಂದ ಪಳಗಿದ ಜಿಂಕೆಯ ಆಸರೆಯಿಂದ ಕಾಡುಜಿಂಕೆಯನ್ನು ಬಳಿಗೆ ಸೆಳೆಯುವ ತಂತ್ರವು ಅರಸನ ಯಶಸ್ಸಿನ ಜೊತೆಗೆ ಗುರಿಯ ಖಚಿತತೆಗೂ ಒದಗುತ್ತಿತ್ತೆಂದು ಊಹಿಸಲು ಅವಕಾಶವಿದೆ. ಆದರೆ ಅದರ ಹಿಂದೆ ಕರುಣೆಯೇ ಇತ್ತೆಂದು ತೀರ್ಮಾನಿಸುವುದು ದುಡುಕಾಗುತ್ತದೆ. ಸಜಾತಿಯ ಮೃಗವನ್ನು ನಂಬಿ ಬಂದ ಜಿಂಕೆಯ ದೃಷ್ಟಿಯಲ್ಲಿ ಅದು ವಂಚನೆಯೂ ಹೌದು.

ಕೈಚಳಕವೇ ನೀತಿಯಲ್ಲ ಎಂಬುದನ್ನು ಕನ್ನಡ ಕಾವ್ಯಪರಂಪರೆ ಚೆನ್ನಾಗಿ ಅರಿತಿತ್ತು. 941ರ ವೇಳೆಗೆ ಪಂಪನು ವಿಕ್ರಮಾರ್ಜುನವಿಜಯದಲ್ಲಿ ಪಾಂಡುವಿನ ಕಥೆಯನ್ನು ನಿರೂಪಿಸಿದ್ದನು: ಮಿಥುನದಲ್ಲಿದ್ದ ಮೃಗಕ್ಕೆ ಎಸೆದ ಬಾಣ ಗುರಿ ತಪ್ಪಲಿಲ್ಲ, ತಪ್ಪಿದ್ದು ವಿವೇಕ. ದಶರಥನು ಸದ್ದನ್ನೇ ಗುರಿಯಾಗಿಸಿ ಮುನಿಕುಮಾರನನ್ನು ಕೊಂದನು. ಮಾನಸೋಲ್ಲಾಸದಿಂದ ಸುಮಾರು ಎಂಬತ್ತು ವರ್ಷಗಳ ತರುವಾಯ, 1209ರಲ್ಲಿ, ಜನ್ನನು ಯಶೋಧರ ಚರಿತೆಯಲ್ಲಿ ಇದೇ ಶಬ್ದವೇಧಿ ವಿದ್ಯೆಯನ್ನು ಮತ್ತಷ್ಟು ಕಠೋರವಾಗಿ ಪರೀಕ್ಷಿಸಿದನು. ಅಲ್ಲಿ ಯಶೋಮತಿಯು ರಾಣಿಯ ಮುಂದೆ ಜಾಣ್ಮೆ ಮೆರೆಯಲೆಂದು ಕೂಗಿದ ಕೋಳಿಗಳಿಗೆ ಬಾಣ ಬಿಡುತ್ತಾನೆ. ಸತ್ತ ಜೀವಗಳು ಅವನ ತಂದೆ ಮತ್ತು ಅಜ್ಜಿಯವು. ಕಾಣದುದಕ್ಕೆ ಬಾಣ ಬಿಡಬಾರದು, ಮೆಚ್ಚುಗೆಗಾಗಿ ಕೊಲ್ಲಬಾರದು ಎಂಬ ವಿವೇಕ ಈ ಕಥೆಗಳಿಂದ ಹೊಮ್ಮುತ್ತದೆ. ಸೋಮೇಶ್ವರನ ವಿನೋದವೆಂಬ ಶೀರ್ಷಿಕೆಗೆ ಜನ್ನನ ಕಾವ್ಯವು, ಅವನನ್ನು ಹೆಸರಿಸದೆಯೇ, ಒಡ್ಡಿದ ಪ್ರಶ್ನೆಯೆಂದು ಇದನ್ನು ಓದಬಹುದು.

ಸೋಮೇಶ್ವರನ ತರುವಾಯದ ಎರಡು ದಶಕಗಳಲ್ಲಿ ಅವನ ರಾಜಧಾನಿ ಕಲ್ಯಾಣವೇ ಶರಣರ ದಯಾಧರ್ಮದ ನೆಲೆಯಾದದ್ದು ಚರಿತ್ರೆಯ ಗಮನಾರ್ಹ ತಿರುವು. ಅವನು ಬಣ್ಣಿಸಿದ ಚೀತಾ 1952ರಲ್ಲಿ ಭಾರತದಿಂದ ಅಳಿದುಹೋಯಿತೆಂದು ಘೋಷಿಸಲಾಯಿತು; 2022ರಲ್ಲಿ ಆಫ್ರಿಕದಿಂದ ತಂದ ಚೀತಾಗಳನ್ನು ಕುನೋ ಅರಣ್ಯದಲ್ಲಿ ಬಿಡಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಜಿಂಕೆಯ ಬೇಟೆ ಅಪರಾಧ. ಆದರೂ ಮೃಗದ ದೇಹವನ್ನೂ ನಿಲುವನ್ನೂ ಅರಿತು ಗುರಿಯಿಡುವ ವಿದ್ಯೆ ಸಂಪೂರ್ಣ ಮರೆಯಾಗಿಲ್ಲ. ಗಾಯಗೊಂಡ ಪ್ರಾಣಿಗೆ ಅರಿವಳಿಕೆಯ ಸೂಜಿಯನ್ನು ಹಾರಿಸುವ ಅರಣ್ಯ ಇಲಾಖೆಯ ಪಶುವೈದ್ಯನು ಎದೆಯನ್ನೂ ಹೊಟ್ಟೆಯನ್ನೂ ತಪ್ಪಿಸಿ, ತೊಡೆಯ ದಪ್ಪ ಸ್ನಾಯುವನ್ನು ಆರಿಸಿಕೊಳ್ಳುತ್ತಾನೆ. ಬಿಲ್ಲುಗಾರನು ಹುಡುಕುತ್ತಿದ್ದ ಸ್ಥಾನವನ್ನೇ ಇವನು ಬಿಡುತ್ತಾನೆ. ಬೇಕಾದ ತಾಳ್ಮೆ ಮಾತ್ರ ಇಬ್ಬರಿಗೂ ಒಂದೇ. ಮೃಗಯಾವಿನೋದವನ್ನು ಇಂದು ಓದುವವರು ಅದರಲ್ಲಿನ ಪ್ರಾಣಿಜ್ಞಾನವನ್ನು ಸ್ವೀಕರಿಸಬೇಕು. ವಿನೋದವೆಂಬ ಮಾತನ್ನು ಮಾತ್ರ ಪಾಂಡು ಮತ್ತು ಯಶೋಮತಿಯರ ಕಥೆಗಳೊಡನೆ ತೂಗಿ ನೋಡಬೇಕು.